ಹೊರಟವರು, ಉಳಿದವರು: ಅಯೋವಾದ ಒಂದು ಕೌಂಟಿಯ ಚರಿತ್ರೆ



ಸ್ಥಳೀಯ ಚರಿತ್ರೆಯನ್ನು ಕುರಿತು ಮಾತನಾಡಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ಆ ಸ್ಥಳ ನಮ್ಮದೇ ಆಗಿರಬೇಕೆಂಬ ಕಟ್ಟುಪಾಡು ಇಲ್ಲದ್ದರಿಂದ ನಾನು ದೂರದ ಒಂದು ಊರನ್ನು ಆರಿಸಿಕೊಂಡಿದ್ದೇನೆ. ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ ಅಯೋವಾ ರಾಜ್ಯವಿದೆ. ಅದರ ಈಶಾನ್ಯ ಮೂಲೆಯಲ್ಲಿ, ಮಿನ್ನೆಸೋಟದ ಗಡಿಗೆ ತಾಗಿಕೊಂಡು, ಹೋವರ್ಡ್ ಎಂಬ ಕೌಂಟಿ ಇದೆ. ಹೆಚ್ಚೂಕಡಿಮೆ ನಮ್ಮ ಒಂದು ತಾಲ್ಲೂಕಿನಷ್ಟು ನೆಲ. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 9,469. ಕೌಂಟಿಯ ಮುಖ್ಯ ಪಟ್ಟಣ ಕ್ರೆಸ್ಕೊ. ಅಲ್ಲಿ ನಾಲ್ಕು ಸಾವಿರ ಜನರೂ ಇಲ್ಲ. ಮೆಕ್ಕೆಜೋಳ, ಸೋಯಾ ಅವರೆ, ಹಂದಿ, ಹೈನು, ಈಚೆಗೆ ಬಯಲಲ್ಲಿ ತಿರುಗುವ ಗಾಳಿಯಂತ್ರಗಳು. ಹೆದ್ದಾರಿಯಲ್ಲಿ ಹೋಗುವವರು ನಿಲ್ಲದೆ ದಾಟಿಬಿಡುವಂಥ ಜಾಗ.

ಇಷ್ಟು ಸಣ್ಣ ಜಾಗದಿಂದ ನಾರ್ಮನ್ ಬೋರ್ಲಾಗ್ ಬಂದರು, ಎಲೆನ್ ಚರ್ಚ್ ಬಂದರು, ಜೇನ್ ಎಲಿಯಟ್ ಬಂದರು. ಮೊದಲನೆಯವರು ಬೆಳೆಸಿದ ಗೋಧಿ ನಮ್ಮ ದೇಶದ ಕಣಜಕ್ಕೆ ಬಂತು. ಎರಡನೆಯವರು ಜಗತ್ತಿನ ಮೊದಲ ಗಗನಸಖಿ. ಮೂರನೆಯವರು ಮೂರನೇ ತರಗತಿಯ ಮೇಡಂ. ಹೀಗೆ ಹೆಸರುಗಳನ್ನು ಸಾಲಾಗಿ ಹೇಳಿ ಕೈಮುಗಿದು ಕೂತರೆ ಅದು ಚರಿತ್ರೆ ಆಗುವುದಿಲ್ಲ. ಈ ಮೂವರನ್ನು ಬೆಳೆಸಿದ್ದು ಯಾವುದು, ಬೆಳೆದ ಮೇಲೆ ಊರು ಅವರನ್ನು ಹೇಗೆ ನಡೆಸಿಕೊಂಡಿತು ಎಂಬುದನ್ನು ಕೇಳಬೇಕು. ಊರುಬಿಟ್ಟು ಹೋಗಿ ಕೀರ್ತಿ ಪಡೆದವರನ್ನು ಮೆರೆಸುವುದು ಯಾವ ಊರಿಗೂ ಸುಲಭ. ಊರಲ್ಲೇ ಉಳಿದು ಊರಿನ ಮುಖಕ್ಕೆ ಕನ್ನಡಿ ಹಿಡಿದವರನ್ನು ಒಪ್ಪಿಕೊಳ್ಳುವುದು ಬಹಳ ಕಷ್ಟ. ಹೋವರ್ಡ್ ಕೌಂಟಿಯನ್ನು ಓದುತ್ತ ನನಗೆ ಗಟ್ಟಿಯಾದ ಮಾತು ಇದು.

ನೆಲದಿಂದ ಆರಂಭಿಸುತ್ತೇನೆ. 1851ರಲ್ಲಿ ಕೌಂಟಿಯ ಗಡಿ ಗುರುತಿಸಿದರು, 1855ರಲ್ಲಿ ಆಡಳಿತ ಶುರುವಾಯಿತು. ಆದರೆ ಆ ನೆಲ ಅಲ್ಲಿಯವರೆಗೆ ಖಾಲಿ ಬಿದ್ದಿರಲಿಲ್ಲ. ಡಕೋಟಾ ಜನ ಒಂದು ಕಡೆ, ಸಾಕ್ ಮತ್ತು ಮೆಸ್ಕ್ವಾಕಿ ಜನ ಇನ್ನೊಂದು ಕಡೆ ಇದ್ದ ಸೀಮೆ ಅದು. ಅವರ ನಡುವಿನ ಜಗಳ ತಡೆಯುವ ಹೆಸರಲ್ಲಿ ಅಮೆರಿಕ ಸರ್ಕಾರ 1830ರಲ್ಲಿ ಈಶಾನ್ಯ ಅಯೋವಾದ ಅಗಲವಾದ ಒಂದು ಪಟ್ಟಿಯನ್ನು ಯಾರಿಗೂ ಸೇರದ ತಟಸ್ಥ ಭೂಮಿ ಎಂದು ಘೋಷಿಸಿತು. 1840ರಲ್ಲಿ ವಿಸ್ಕಾನ್ಸಿನ್‌ನಿಂದ ಹೋ-ಚಂಕ್ ಜನರನ್ನು ಎಬ್ಬಿಸಿ ತಂದು ಅಲ್ಲಿ ಕೂರಿಸಿತು. ಎಂಟೇ ವರ್ಷಕ್ಕೆ, 1848ರಲ್ಲಿ, ಮತ್ತೆ ಅವರನ್ನು ಎಬ್ಬಿಸಿ ಮಿನ್ನೆಸೋಟಕ್ಕೆ ಸಾಗಹಾಕಿತು. ಅವರನ್ನು ಕಾಯಲು ಕಟ್ಟಿದ ಅಟ್ಕಿನ್ಸನ್ ಕೋಟೆ ಪಕ್ಕದ ವಿನ್ನೆಶೀಕ್ ಕೌಂಟಿಯಲ್ಲಿ ಇವತ್ತಿಗೂ ಇದೆ. ಮೂಲನಿವಾಸಿಗಳು ಹೋದ ಮೇಲೆ ಸರ್ವೆ ಸರಪಳಿ ಬಂತು. ನಾರ್ವೆಯವರು, ಚೆಕ್ ಜನ, ಜರ್ಮನ್ನರು, ಐರಿಶರು, ನ್ಯೂ ಇಂಗ್ಲೆಂಡಿನ ಹಳೆಯ ಅಮೆರಿಕನ್ನರು ಬಂದು ನೇಗಿಲು ಹೂಡಿದರು. ಪ್ರೊಟಿವಿನ್ ಎಂಬ ಊರು ಚೆಕ್ಕರದು. ಅಲ್ಲಿಗೆ ಹತ್ತಿರವೇ ಇರುವ, ಪಕ್ಕದ ಕೌಂಟಿಯ ಸ್ಪಿಲ್‌ವಿಲ್ ಎಂಬ ಹಳ್ಳಿಯಲ್ಲಿ ಸಂಗೀತ ಸಂಯೋಜಕ ಡ್ವೊರಾಕ್ 1893ರ ಬೇಸಿಗೆಯನ್ನು ತನ್ನ ಭಾಷೆಯ ಜನರ ನಡುವೆ ಕಳೆದು, ತನ್ನ ಹೆಸರಾಂತ ಸ್ಟ್ರಿಂಗ್ ಕ್ವಾರ್ಟೆಟ್ ಒಂದನ್ನು ಅಲ್ಲೇ ಬರೆದ.

ಆ ಸರ್ವೆಯ ಒಂದು ಅಂಶವನ್ನು ವಿವರವಾಗಿ ಹೇಳಬೇಕು. ನೆಲವನ್ನು ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ, ಪ್ರತಿ ಟೌನ್‌ಶಿಪ್ಪನ್ನು 36 ಭಾಗಗಳಾಗಿ ಕತ್ತರಿಸಿದರು. ಒಂದೊಂದು ಭಾಗ 640 ಎಕರೆ. ಅದರಲ್ಲಿ 16ನೇ ಭಾಗವನ್ನು ಶಾಲೆಯ ಖರ್ಚಿಗೆಂದು ಮೀಸಲಿಟ್ಟರು. ನಮ್ಮಲ್ಲಿ ದೇವಸ್ಥಾನಕ್ಕೋ ಮಠಕ್ಕೋ ಮಾನ್ಯದ ಹೊಲ ಬಿಡುತ್ತಿದ್ದರಲ್ಲ, ಹಾಗೆ. ಆ ನೆಲದ ದುಡ್ಡು ಎಲ್ಲ ಕಡೆ ಸರಿಯಾಗಿ ಶಾಲೆಗೇ ಹೋಯಿತೆಂದು ನಾನು ವಾದಿಸುವುದಿಲ್ಲ. ಆದರೆ ಮನೆ ಕಟ್ಟುವ ಮೊದಲೇ ಶಾಲೆಗೆ ಪಾಲು ತೆಗೆದಿಡಬೇಕೆಂಬ ಬುದ್ಧಿ ಆ ನಕ್ಷೆಯಲ್ಲಿತ್ತು. ಮಗು ನಡೆದು ಹೋಗುವಷ್ಟು ದೂರದಲ್ಲಿ ಒಂದೊಂದು ಕೋಣೆಯ ಶಾಲೆ ಎದ್ದಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಯೋವಾ ಒಂದರಲ್ಲೇ ಇಂಥ ಹನ್ನೆರಡು ಸಾವಿರಕ್ಕೂ ಹೆಚ್ಚು ಶಾಲೆಗಳಿದ್ದವು. ಒಲೆ ಹೊತ್ತಿಸುವುದು, ಕಸ ಗುಡಿಸುವುದು, ಒಂದರಿಂದ ಎಂಟನೇ ತರಗತಿಯವರೆಗೆ ಎಲ್ಲ ಪಾಠ ಹೇಳುವುದು, ಎಲ್ಲವೂ ಒಬ್ಬರೇ ಶಿಕ್ಷಕರ ಪಾಲಿಗೆ. ಹೆಚ್ಚಿನ ಕಡೆ ಆ ಶಿಕ್ಷಕರು ಹೈಸ್ಕೂಲು ಮುಗಿಸಿದ ಹುಡುಗಿಯರು.

ಈಗ ಪುಸ್ತಕಗಳ ಮಾತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಮಧ್ಯಪಶ್ಚಿಮದಲ್ಲಿ ಕೌಂಟಿ ಚರಿತ್ರೆ ಅಚ್ಚು ಹಾಕುವುದೇ ಒಂದು ದಂಧೆಯಾಗಿತ್ತು. ಪ್ರಕಾಶಕರ ಏಜೆಂಟರು ಮನೆಮನೆಗೆ ಬಂದು ಮುಂಗಡ ಚಂದಾ ಎತ್ತುತ್ತಿದ್ದರು. ಚಂದಾ ಕೊಟ್ಟವರ ಜೀವನಚರಿತ್ರೆ ಒಳಗೆ ಬರುತ್ತಿತ್ತು. ಇನ್ನಷ್ಟು ಕೊಟ್ಟರೆ ಭಾವಚಿತ್ರವೂ ಬರುತ್ತಿತ್ತು. ಚಿಕಸಾ ಮತ್ತು ಹೋವರ್ಡ್ ಕೌಂಟಿಗಳೆರಡನ್ನೂ ಸೇರಿಸಿ 1883ರಲ್ಲಿ ಇಂಥ ಒಂದು ಚರಿತ್ರೆ, 1919ರಲ್ಲಿ ಎರಡು ಸಂಪುಟಗಳ ಇನ್ನೊಂದು ಚರಿತ್ರೆ ಬಂದವು. ಈ ಜಾತಿಯ ಪುಸ್ತಕಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ರೈಲು ಯಾವಾಗ ಬಂತು, ಗಿರಣಿ ಯಾರು ಕಟ್ಟಿದರು, ಮೊದಲ ಕೋರ್ಟು ಎಲ್ಲಿ ಕೂತಿತು ಎಂಬುದಕ್ಕೆ ಅವೇ ಆಧಾರ. 1866ರಲ್ಲಿ ರೈಲುದಾರಿ ಬಂದದ್ದರಿಂದಲೇ ಕ್ರೆಸ್ಕೊ ಹುಟ್ಟಿತು, ರೈಲು ಮುಟ್ಟದ ಹಳೆಯ ಊರುಗಳು ಸೊರಗಿದವು ಎಂಬ ಕಥೆಯನ್ನು ಹೇಳಬೇಕಾದರೂ ನಾವು ಅಂಥ ದಾಖಲೆಗಳ ಕಡೆಗೇ ಹೋಗಬೇಕು. ಆದರೆ ಅವುಗಳಲ್ಲಿ ಬ್ಯಾಂಕಿನವರು, ವ್ಯಾಪಾರಿಗಳು, ವಕೀಲರು, ದೊಡ್ಡ ರೈತರು ತುಂಬಿರುತ್ತಾರೆ. ಹೆಂಗಸರು ಗಂಡನ ಪರಿಚಯದ ಕೊನೆಯ ಸಾಲಲ್ಲಿ ಬರುತ್ತಾರೆ. ಕೂಲಿಯವರು ಬರುವುದೇ ಇಲ್ಲ. 1919ರಲ್ಲಿ ಆ ಎರಡು ಸಂಪುಟಗಳು ಹೊರಬಂದಾಗ ಕ್ರೆಸ್ಕೊದಲ್ಲಿ ಎಲೆನ್ ಚರ್ಚ್ ಎಂಬ ಹದಿಹರೆಯದ ಹುಡುಗಿ ಇದ್ದಳು, ಊರಾಚೆಯ ಹೊಲದಲ್ಲಿ ಐದು ವರ್ಷದ ನಾರ್ಮನ್ ಕೋಳಿಗೆ ಕಾಳು ಹಾಕುವ ವಯಸ್ಸಿನಲ್ಲಿದ್ದ. ಕೌಂಟಿಯ ಗಣ್ಯರು ಯಾರೆಂದು ಪುಸ್ತಕ ಆಗಲೇ ತೀರ್ಮಾನಿಸಿಬಿಟ್ಟಿತ್ತು.

ಬೋರ್ಲಾಗ್ ಹುಟ್ಟಿದ್ದು 1914ರ ಮಾರ್ಚ್ 25ರಂದು, ಸೌಡೆ ಎಂಬ ನಾರ್ವೆಯವರ ಹಳ್ಳಿಯ ಬಳಿ, ಅಜ್ಜನ ತೋಟದ ಮನೆಯಲ್ಲಿ. ಮುತ್ತಜ್ಜ, ಮುತ್ತಜ್ಜಿ 1854ರಲ್ಲಿ ನಾರ್ವೆಯಿಂದ ಹೊರಟು ಬಂದವರು. ಕುಟುಂಬದ ಹೊಲ 106 ಎಕರೆ. ಏಳನೇ ವಯಸ್ಸಿನಿಂದ ಹತ್ತೊಂಬತ್ತರವರೆಗೆ ಆ ಹುಡುಗ ಅದರಲ್ಲಿ ದುಡಿದ. ಜೋಳ ಮುರಿಯುವುದು, ಓಟ್ಸ್ ಕಟ್ಟು ಕಟ್ಟುವುದು, ಹುಲ್ಲು ಒಟ್ಟುವುದು, ಹಂದಿ ಮೇಯಿಸುವುದು. ಓದಿದ್ದು ನ್ಯೂ ಓರೆಗಾನ್ ಟೌನ್‌ಶಿಪ್ಪಿನ 8ನೇ ನಂಬರಿನ ಶಾಲೆಯಲ್ಲಿ. ಅದೂ ಒಂದೇ ಕೋಣೆಯದು. ಎಂಟನೇ ತರಗತಿ ಮುಗಿದರೆ ರೈತರ ಮಕ್ಕಳ ಓದು ಅಲ್ಲಿಗೆ ಮುಗಿದಂತೆ. ನೆಲ್ಸ್ ಅಜ್ಜ ಮಾತ್ರ ಹುಡುಗ ಓದಬೇಕೆಂದು ಪಟ್ಟು ಹಿಡಿದರು. ಹೊಟ್ಟೆ ತುಂಬಬೇಕಾದರೆ ಮೊದಲು ತಲೆ ತುಂಬಿಸಿಕೋ ಎಂಬ ಅರ್ಥದ ಅವರ ಬುದ್ಧಿಮಾತನ್ನು ಬೋರ್ಲಾಗ್ ಮುದುಕರಾದ ಮೇಲೂ ನೆನೆಯುತ್ತಿದ್ದರು. ಮನೆಗೆ ಫೋರ್ಡ್‌ಸನ್ ಟ್ರ್ಯಾಕ್ಟರ್ ಬಂದದ್ದೂ ಅವರನ್ನು ಬಿಡುಗಡೆ ಮಾಡಿತು. ಕುದುರೆಗೆ ಮೇವು ಬೆಳೆಯುವ ಹೊಲ ಉಳಿಯಿತು, ಕುದುರೆಯ ಹಿಂದೆ ನಡೆಯುವ ಹುಡುಗನ ಕೈಯೂ ಉಳಿಯಿತು. ಹುಡುಗ ಕ್ರೆಸ್ಕೊ ಹೈಸ್ಕೂಲಿಗೆ ಹೋದ.

ಅಲ್ಲಿ ಅವನಿಗೆ ಸಿಕ್ಕಿದ್ದು ಕುಸ್ತಿ. ಅಯೋವಾದ ಹಳ್ಳಿಗರಿಗೆ ಕುಸ್ತಿಯ ಹುಚ್ಚು ಎಷ್ಟೆಂಬುದು ಗರಡಿಮನೆ ಕಂಡ ನಮ್ಮ ಜನಕ್ಕೆ ಬೇಗ ಅರ್ಥವಾಗುತ್ತದೆ. ಕ್ರೆಸ್ಕೊ ಹೈಸ್ಕೂಲಿನ ಕೋಚ್ ಡೇವ್ ಬಾರ್ಟೆಲ್ಮಾ ರೈತರ ಮಕ್ಕಳನ್ನು ಹಿಡಿದು ಪಟುಗಳನ್ನಾಗಿ ಮಾಡಿದವರು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೆ ಆರು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಕೋಚ್ ಹೆರಾಲ್ಡ್ ನಿಕೋಲ್ಸ್ ಕ್ರೆಸ್ಕೊದವರು. ಪ್ರತಿಸ್ಪರ್ಧಿಯಾದ ಅಯೋವಾ ವಿಶ್ವವಿದ್ಯಾಲಯಕ್ಕೆ 1975, 1976ರಲ್ಲಿ ಪ್ರಶಸ್ತಿ ಗೆದ್ದುಕೊಟ್ಟ ಗ್ಯಾರಿ ಕುರ್ಡೆಲ್‌ಮಯರ್ ಕೂಡ ಕ್ರೆಸ್ಕೊದವರೇ. ರಾಜ್ಯದ ಕುಸ್ತಿ ಗೌರವ ಮಂದಿರವನ್ನು ಈ ಪುಟ್ಟ ಪಟ್ಟಣದಲ್ಲೇ ಇಟ್ಟಿರುವುದು ಸುಮ್ಮನೆ ಅಲ್ಲ. ಬೋರ್ಲಾಗ್ ಮಿನ್ನೆಸೋಟ ವಿಶ್ವವಿದ್ಯಾಲಯದ ಪರವಾಗಿಯೂ ಕುಸ್ತಿ ಆಡಿದರು. ಕೊನೆಯವರೆಗೂ, ಸೋಲೊಪ್ಪದ ಹಟ ತನಗೆ ಬಂದದ್ದು ಕುಸ್ತಿಯಿಂದ ಎನ್ನುತ್ತಿದ್ದರು. 1992ರಲ್ಲಿ ಅವರ ಹೆಸರು ರಾಷ್ಟ್ರೀಯ ಕುಸ್ತಿ ಗೌರವ ಮಂದಿರವನ್ನೂ ಸೇರಿತು.

1933ರಲ್ಲಿ ವಿಶ್ವವಿದ್ಯಾಲಯಕ್ಕೆ ಹೋದಾಗ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದರು. ಒಂದು ಕೋಣೆಯ ಶಾಲೆಯ ಮಿತಿಯೂ ಅಲ್ಲಿ ಕಂಡಿತು. ಹೊಸದಾಗಿ ತೆರೆದಿದ್ದ ಜನರಲ್ ಕಾಲೇಜು ಎಂಬ ವಿಭಾಗ ಅವರನ್ನು ಒಳಗೆ ಬಿಟ್ಟುಕೊಂಡಿತು. ಅರಣ್ಯಶಾಸ್ತ್ರ ಓದಿ, ಸ್ಟ್ಯಾಕ್‌ಮನ್ ಎಂಬ ಗುರುವಿನ ಕೈಕೆಳಗೆ ಸಸ್ಯರೋಗ ಶಾಸ್ತ್ರಕ್ಕೆ ಹೊರಳಿ, 1942ರಲ್ಲಿ ಡಾಕ್ಟರೇಟ್ ಪಡೆದು, 1944ರಲ್ಲಿ ಮೆಕ್ಸಿಕೊಗೆ ಹೋದರು. ಅವರು ಅಲ್ಲಿ ಸೇರಿಕೊಂಡ ಬೆಳೆ ಸುಧಾರಣೆಯ ಯೋಜನೆಯ ಹಿಂದೆಯೂ ಅಯೋವಾದ ಇನ್ನೊಬ್ಬ ಹಳ್ಳಿಗನಿದ್ದ. ಅಡೇರ್ ಕೌಂಟಿಯ ಹೊಲದಲ್ಲಿ 1888ರಲ್ಲಿ ಹುಟ್ಟಿ ಉಪಾಧ್ಯಕ್ಷ ಪದವಿಗೇರಿದ ಹೆನ್ರಿ ವಾಲೆಸ್ 1940ರ ಕೊನೆಗೆ ಮೆಕ್ಸಿಕೊಗೆ ಹೋಗಿ, ಅಲ್ಲಿನ ರೈತರ ಬವಣೆ ಕಂಡು ಬಂದು, ನೆರವಾಗಬೇಕೆಂದು ರಾಕ್‌ಫೆಲ್ಲರ್ ಪ್ರತಿಷ್ಠಾನದವರಿಗೆ ಒತ್ತಿ ಹೇಳಿದ್ದರು.

ಮುಂದಿನ ಕಥೆ ನಿಮಗೆ ಗೊತ್ತಿರುವಂಥದ್ದು. ಬೇಸಿಗೆಯಲ್ಲಿ ಎತ್ತರದ ಗುಡ್ಡಸೀಮೆಯಲ್ಲಿ ಒಂದು ಬೆಳೆ, ಚಳಿಗಾಲದಲ್ಲಿ ಸೊನೋರಾದ ಯಾಕಿ ಕಣಿವೆಯ ಬಿಸಿಲಲ್ಲಿ ಇನ್ನೊಂದು ಬೆಳೆ. ವರ್ಷಕ್ಕೆ ಎರಡು ಪೀಳಿಗೆ ತೆಗೆದರು. ಕುಂಕುಮ ರೋಗ ತಡೆಯುವ ತಳಿಗಳನ್ನು ಜಪಾನಿನ ನೋರಿನ್-10 ಎಂಬ ಗಿಡ್ಡ ಗೋಧಿಯ ವಂಶಕ್ಕೆ ಬೆಸೆದರು. ತೆನೆ ಭಾರವಾದರೂ ದಂಟು ಮಲಗದ ಗೋಧಿ ಹುಟ್ಟಿತು. 1963ರಲ್ಲಿ ಅವರು ಭಾರತಕ್ಕೆ ಬಂದು ಎಂ.ಎಸ್. ಸ್ವಾಮಿನಾಥನ್ ಅವರೊಂದಿಗೆ ಹೊಲ ಸುತ್ತಿದರು. 1965ರಲ್ಲಿ ಬೀಜ ತರಿಸುವಾಗ ನಡೆದದ್ದು ಕೇಳಬೇಕು. ಮೆಕ್ಸಿಕೊದಿಂದ ಬೀಜದ ಲಾರಿಗಳು ಲಾಸ್ ಏಂಜಲೀಸ್ ಬಂದರಿಗೆ ಹೊರಟರೆ ಗಡಿಯಲ್ಲಿ ತಡೆ. ಗಡಿ ದಾಟಿದರೆ ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಯಲ್ಲಿ ದಂಗೆ, ದಾರಿ ಬಂದ್. ಹಡಗು ಹೊರಟಿತು ಎನ್ನುವಷ್ಟರಲ್ಲಿ ಭಾರತ, ಪಾಕಿಸ್ತಾನಗಳ ನಡುವೆ ಯುದ್ಧ. ಅದೇ ಹಡಗಿನಲ್ಲಿ ಎರಡೂ ದೇಶದ ಬೀಜ! ಬಂದು ಬಿತ್ತಿದರೆ ಮೊಳಕೆ ಅರ್ಧಕ್ಕರ್ಧ ಇಲ್ಲ. ಗೋದಾಮಿನಲ್ಲಿ ಹೊಗೆಮದ್ದು ಹೆಚ್ಚಾಗಿ ಬೀಜ ಕೆಟ್ಟಿತ್ತು. ಎರಡು ಪಟ್ಟು ಬಿತ್ತಿರಿ, ಗೊಬ್ಬರ ಹೆಚ್ಚಿಸಿ ಎಂದು ಬೋರ್ಲಾಗ್ ಹೇಳಿ ಕಳಿಸಿದರು. ಮರುವರ್ಷ, ಸಿ. ಸುಬ್ರಮಣ್ಯಂ ಕೃಷಿ ಸಚಿವರಾಗಿದ್ದಾಗ, ಭಾರತ 18,000 ಟನ್ ಬೀಜ ತರಿಸಿಕೊಂಡಿತು. 1965ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ನಮ್ಮ ಗೋಧಿ 1970ರಲ್ಲಿ 2 ಕೋಟಿ ಟನ್ ಮುಟ್ಟಿತು. ಮೆಕ್ಸಿಕೊದ ಕೆಂಪು ಕಾಳನ್ನು ನಮ್ಮ ಜನ ಒಪ್ಪಲಿಲ್ಲವೆಂದು ಇಲ್ಲಿನ ವಿಜ್ಞಾನಿಗಳು ಹೊಂಬಣ್ಣದ ಕಲ್ಯಾಣ್‌ಸೋನಾ, ಸೋನಾಲಿಕಾ ತಳಿಗಳನ್ನು ಆರಿಸಿ ಕೊಟ್ಟರು.

ನಮ್ಮ ರಾಜ್ಯದ ಹೊಲಗಳಿಗಿಂತ ಪಂಜಾಬಿನ ಹೊಲಗಳಲ್ಲಿ ಆ ಬೀಜ ಹೆಚ್ಚು ನಡೆಯಿತು. ಆದರೆ ಅಮೆರಿಕದ ಗೋಧಿಗಾಗಿ ರೇಷನ್ ಅಂಗಡಿಯ ಮುಂದೆ ಕ್ಯೂ ನಿಂತದ್ದನ್ನು, ಶಾಲೆಯಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು ತಿಂದದ್ದನ್ನು ನೆನೆಯುವ ಹಿರಿಯರು ಕರ್ನಾಟಕದಲ್ಲಿ ಬಹಳ ಮಂದಿ ಇದ್ದಾರೆ. ಹಡಗು ಬಂದರೆ ಊಟ ಎಂಬ ಆ ಸ್ಥಿತಿ ತಪ್ಪಿದ್ದರಲ್ಲಿ ಹೋವರ್ಡ್ ಕೌಂಟಿಯ ಹುಡುಗನ ಪಾಲು ದೊಡ್ಡದು. 1970ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಸುದ್ದಿ ಹೇಳಲು ಹೆಂಡತಿ ಮಾರ್ಗರೆಟ್ ಮೆಕ್ಸಿಕೊದ ಗೋಧಿ ಹೊಲಕ್ಕೇ ಹೋಗಬೇಕಾಯಿತು. 2006ರಲ್ಲಿ ನಮ್ಮ ಸರ್ಕಾರ ಪದ್ಮವಿಭೂಷಣ ಕೊಟ್ಟಿತು. ಪಂಜಾಬಿನಲ್ಲಿ ಅಂತರ್ಜಲ ಪಾತಾಳಕ್ಕಿಳಿದದ್ದೂ, ರಸಗೊಬ್ಬರ ಮತ್ತು ಕ್ರಿಮಿನಾಶಕದ ಹೊರೆ ಹೆಚ್ಚಿದ್ದೂ ಈ ಲೆಕ್ಕದಲ್ಲೇ ಬರಬೇಕು. ಆ ಟೀಕೆ ನ್ಯಾಯವಾದದ್ದು. ಹಾಗೆಂದು ಆಗಿನ ಹಸಿವು ಸುಳ್ಳಾಗುವುದಿಲ್ಲ.

ಅವರ ಸ್ವಂತ ಕೌಂಟಿಯಲ್ಲೂ ನೆಲ ಬೆಲೆ ತೆತ್ತಿದೆ. ಒಂದು ಕಾಲಕ್ಕೆ ಅಯೋವಾದ ಬಹುಭಾಗ ಆಳೆತ್ತರದ ಹುಲ್ಲುಗಾವಲು. ಅದರಲ್ಲಿ ಈಗ ಉಳಿದದ್ದು ಸಾವಿರಕ್ಕೆ ಒಂದು ಪಾಲೂ ಇಲ್ಲ. ಉಳಿದ ಚೂರುಗಳಲ್ಲಿ ದೊಡ್ಡದೊಂದು, 240 ಎಕರೆಯದು, ಹೋವರ್ಡ್ ಕೌಂಟಿಯ ಲೈಮ್ ಸ್ಪ್ರಿಂಗ್ಸ್ ಬಳಿ ಇದೆ. ಅದಕ್ಕೆ ಏಡಾ ಹೇಡನ್ ಅವರ ಹೆಸರಿಟ್ಟಿದ್ದಾರೆ. ಅಯೋವಾ ಸ್ಟೇಟ್‌ನಲ್ಲಿ 1918ರಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಅವರು. ಸಸ್ಯಶಾಸ್ತ್ರಜ್ಞೆ. ರಾಜ್ಯದಲ್ಲೆಲ್ಲ ತಿರುಗಿ ಎಲ್ಲೆಲ್ಲಿ ಉಳದ ಹುಲ್ಲುನೆಲ ಉಳಿದಿದೆ ಎಂದು ಪಟ್ಟಿ ಮಾಡಿ, ಕೊಂಡು ಉಳಿಸಿ ಎಂದು ಸರ್ಕಾರದ ಬೆನ್ನು ಬಿದ್ದರು. 1945ರಲ್ಲಿ ರಾಜ್ಯ ಈ ನೆಲವನ್ನು ಕೊಂಡಿತು. ಅವರು ಕೌಂಟಿಯವರಲ್ಲ. ಆದರೂ ಕೌಂಟಿಯ ಚರಿತ್ರೆಯಲ್ಲಿ ಬ್ಯಾಂಕಿನ ಸ್ಥಾಪಕರಿಗಿಂತ ಮೊದಲು ಅವರ ಹೆಸರು ಬರಬೇಕು ಎಂಬುದು ನನ್ನ ನಿಲುವು.

ಎಲೆನ್ ಚರ್ಚ್ 1904ರಲ್ಲಿ ಕ್ರೆಸ್ಕೊದಲ್ಲಿ ಹುಟ್ಟಿದರು. ನರ್ಸಿಂಗ್ ಓದಿ ಸ್ಯಾನ್ ಫ್ರಾನ್ಸಿಸ್ಕೊದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ವಿಮಾನ ಹಾರಿಸುವುದನ್ನೂ ಕಲಿತಿದ್ದರು. ಅವರಿಗೆ ಬೇಕಿದ್ದದ್ದು ಪೈಲಟ್ ಕೆಲಸ. ಹೆಂಗಸಿಗೆ ಅದನ್ನು ಕೊಡುವವರು ಆಗ ಯಾರೂ ಇರಲಿಲ್ಲ. ಹಾಗಾದರೆ ನರ್ಸ್‌ಗಳನ್ನು ವಿಮಾನದೊಳಗೆ ನೇಮಿಸಿಕೊಳ್ಳಿ, ಜನರ ಭಯ ಕಡಿಮೆಯಾಗುತ್ತದೆ ಎಂದು ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟಿನ ಸ್ಟೀವ್ ಸ್ಟಿಂಪ್ಸನ್ ಅವರನ್ನು ಒಪ್ಪಿಸಿದರು. 1930ರ ಮೇ 15ರಂದು ಓಕ್ಲೆಂಡ್‌ನಿಂದ ಷಿಕಾಗೊಗೆ ಮೊದಲ ಪ್ರಯಾಣ: 14 ಪ್ರಯಾಣಿಕರು, 13 ನಿಲುಗಡೆ, 20 ಗಂಟೆ. ಎಂಟು ಜನ ನರ್ಸ್‌ಗಳ ಆ ಮೊದಲ ತಂಡಕ್ಕೆ ನಿಯಮಗಳು ಬಿಗಿ. ಮದುವೆ ಆಗಿರಕೂಡದು, 25 ದಾಟಿರಕೂಡದು, ತೂಕ 115 ಪೌಂಡ್ ಮೀರಕೂಡದು, ಎತ್ತರ ಐದಡಿ ನಾಲ್ಕಂಗುಲ ಮೀರಕೂಡದು. ಸಂಬಳ ತಿಂಗಳಿಗೆ 125 ಡಾಲರ್. ಊಟ ಬಡಿಸುವುದು, ವಾಂತಿ ಮಾಡಿಕೊಂಡವರನ್ನು ನೋಡಿಕೊಳ್ಳುವುದರ ಜೊತೆಗೆ ಲಗೇಜು ಎತ್ತುವುದು, ಅಲುಗಾಡುವ ಸೀಟುಗಳ ತಿರುಪು ಬಿಗಿಯುವುದು, ಇಂಧನ ತುಂಬಿಸಲು ಕೈಹಾಕುವುದು ಕೂಡ ಅವರ ಕೆಲಸವೇ. ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಸಣ್ಣ ಕಿಟಕಿ ತೆರೆದ ಹೆಂಗಸು ಆಕೆ. ಆ ಕಿಟಕಿಗೆ ಹಾಕಿದ ಸರಳುಗಳನ್ನು ತೆಗೆಯಲು ಮುಂದಿನ ತಲೆಮಾರು ಕೋರ್ಟಿನ ಮೆಟ್ಟಿಲೇರಬೇಕಾಯಿತು.

ಚರ್ಚ್ ಹಾರಿದ್ದು ಹದಿನೆಂಟು ತಿಂಗಳು ಮಾತ್ರ. ಕಾರು ಅಪಘಾತದಲ್ಲಿ ಪೆಟ್ಟಾಯಿತು. ಎರಡನೇ ಮಹಾಯುದ್ಧದಲ್ಲಿ ಸೇನೆಯ ವಿಮಾನಗಳಲ್ಲಿ ಗಾಯಾಳುಗಳನ್ನು ಸಾಗಿಸುವ ನರ್ಸ್ ಆಗಿ ದುಡಿದು ಏರ್ ಮೆಡಲ್ ಪಡೆದರು. ಆಮೇಲೆ ಇಂಡಿಯಾನಾದ ಟೆರೆ ಹೋಟ್ ಎಂಬ ಊರಲ್ಲಿ ಆಸ್ಪತ್ರೆಯ ಆಡಳಿತ ನೋಡಿಕೊಂಡರು. 1965ರಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡರು. ಕ್ರೆಸ್ಕೊದ ವಿಮಾನ ನಿಲ್ದಾಣಕ್ಕೆ ಅವರ ಹೆಸರಿದೆ. ಬೋರ್ಲಾಗ್ ಓದಿದ ಶಾಲೆ, ಬೆಳೆದ ಮನೆಗಳನ್ನು ಜೋಪಾನ ಮಾಡಿದ್ದಾರೆ. ಅವರ ಕಂಚಿನ ಪ್ರತಿಮೆಯನ್ನು 2014ರಲ್ಲಿ, ನೂರನೇ ಹುಟ್ಟುಹಬ್ಬದ ದಿನ, ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಅಯೋವಾದ ಪರವಾಗಿ ನಿಲ್ಲಿಸಿದರು. ಊರು ಇದನ್ನೆಲ್ಲ ಪ್ರೀತಿಯಿಂದ ಮಾಡಿದೆ, ಅದನ್ನು ನಾನು ಮೆಚ್ಚುತ್ತೇನೆ.

ಈಗ ಉಳಿದವರ ವಿಷಯ. ಕೌಂಟಿಯ ಪಶ್ಚಿಮದ ಅಂಚಿನಲ್ಲಿ ರೈಸ್‌ವಿಲ್ ಎಂಬ ಊರಿದೆ. ಅರ್ಧ ಹೋವರ್ಡ್‌ಗೆ, ಅರ್ಧ ಪಕ್ಕದ ಮಿಚೆಲ್ ಕೌಂಟಿಗೆ ಸೇರಿದ್ದು. ಜೇನ್ ಎಲಿಯಟ್ 1933ರಲ್ಲಿ ಆ ಊರಿನ ಬಳಿಯ ರೈತ ಕುಟುಂಬದಲ್ಲಿ ಹುಟ್ಟಿ, ಅದೇ ಊರಿನ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುತ್ತಿದ್ದರು. 1968ರ ಏಪ್ರಿಲ್ 4ರ ಸಂಜೆ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದ ಸುದ್ದಿ ಬಂದಾಗ ಅವರು ಮಾರನೆಯ ದಿನದ ಪಾಠಕ್ಕೆ ತಯಾರಿ ನಡೆಸಿದ್ದರು. ಪಾಠ ಮೂಲನಿವಾಸಿಗಳನ್ನು ಕುರಿತದ್ದು. ತರಗತಿಯಲ್ಲಿ ನಿಲ್ಲಿಸಲು ಹೊಲಿದಿದ್ದ, ಆ ಜನರ ಡೇರೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಹೋ-ಚಂಕ್ ಜನರನ್ನು ಎಬ್ಬಿಸಿ ಕಳಿಸಿದ ನೆಲದಲ್ಲಿ ನೂರಿಪ್ಪತ್ತು ವರ್ಷದ ಮೇಲೆ ಒಬ್ಬ ಮೇಡಂ ಆ ಜನರ ಕಡೆಯಿಂದ ಮಕ್ಕಳಿಗೆ ಏನನ್ನೋ ಹೇಳಹೊರಟಿದ್ದಳು.

ಮಾರನೆಯ ದಿನ ಪಾಠ ಬದಲಾಯಿತು. ತರಗತಿಯಲ್ಲಿದ್ದವರೆಲ್ಲ ಬಿಳಿಯ ಮಕ್ಕಳು. ಕಪ್ಪು ಜನರನ್ನು ಅವರು ಟಿವಿಯಲ್ಲಿ ಬಿಟ್ಟರೆ ಕಂಡದ್ದು ಕಡಿಮೆ. ಮೇಡಂ ಅವರನ್ನು ಕಣ್ಣಿನ ಬಣ್ಣದ ಮೇಲೆ ಎರಡು ಭಾಗ ಮಾಡಿದರು: ನೀಲಿ ಕಣ್ಣು, ಕಂದು ಕಣ್ಣು. ಒಂದು ಗುಂಪು ಜಾಣರದು ಎಂದರು. ಅವರಿಗೆ ಆಟಕ್ಕೆ ಹೆಚ್ಚು ಹೊತ್ತು, ಊಟಕ್ಕೆ ಎರಡನೇ ಸಲ ಬಡಿಸಿಕೊಳ್ಳುವ ಹಕ್ಕು. ಇನ್ನೊಂದು ಗುಂಪಿನ ಕೊರಳಿಗೆ ಬಟ್ಟೆಯ ಪಟ್ಟಿ. ಅವರು ನಲ್ಲಿಗೆ ಬಾಯಿ ಹಚ್ಚುವಂತಿಲ್ಲ, ಕಾಗದದ ಲೋಟದಲ್ಲೇ ನೀರು ಕುಡಿಯಬೇಕು. ಆಮೇಲೆ ಗುಂಪುಗಳನ್ನು ಅದಲುಬದಲು ಮಾಡಿದರು. ಗೆಳೆಯರಾಗಿದ್ದವರು ಗಂಟೆಯೊಳಗೆ ಗೆಳೆಯರನ್ನು ಹಂಗಿಸತೊಡಗಿದರು. 1970ರಲ್ಲಿ ಎಬಿಸಿ ವಾಹಿನಿಯವರು ಈ ಪಾಠವನ್ನು ಚಿತ್ರೀಕರಿಸಿದಾಗ ಸಿಕ್ಕ ಒಂದು ಪುರಾವೆಯನ್ನು ನಾನು ಮರೆಯಲಾರೆ. ಓದುವ ಕಾರ್ಡುಗಳ ಒಂದು ಕಟ್ಟನ್ನು ಮುಗಿಸಲು ಕೀಳೆನಿಸಿಕೊಂಡ ದಿನ ಐದೂವರೆ ನಿಮಿಷ ತೆಗೆದುಕೊಂಡ ಮಕ್ಕಳು, ಮೇಲೆನಿಸಿಕೊಂಡ ದಿನ ಅದನ್ನು ಎರಡೂವರೆ ನಿಮಿಷದಲ್ಲಿ ಮುಗಿಸಿದರು. ಅವೇ ಮಕ್ಕಳು. ಬದಲಾದದ್ದು ಕೊರಳ ಪಟ್ಟಿ ಮಾತ್ರ.

ಮೊದಲ ವರ್ಷದ, ಅಂದರೆ 1968ರ, ಮಕ್ಕಳು ಬರೆದ ಪುಟ್ಟ ಪ್ರಬಂಧಗಳು ಊರಿನ ಪತ್ರಿಕೆಯಲ್ಲಿ ಅಚ್ಚಾದವು. ಸುದ್ದಿ ದೇಶಕ್ಕೆ ಹರಡಿತು, ಜಾನಿ ಕಾರ್ಸನ್ ಅವರ ಟಿವಿ ಕಾರ್ಯಕ್ರಮದವರು ಎಲಿಯಟ್ ಅವರನ್ನು ಕರೆಸಿದರು. ಊರಿನ ಉತ್ತರ ಬೇರೆಯಾಗಿತ್ತು. ಸಹೋದ್ಯೋಗಿಗಳು ಮಾತು ಬಿಟ್ಟರು. ಎಲಿಯಟ್ ಅವರ ಮಕ್ಕಳಿಗೆ ಏಟು ಬಿತ್ತು. ಅವರ ತಂದೆತಾಯಿಗಳ ಹೋಟೆಲಿಗೆ ಗಿರಾಕಿ ಬರುವುದು ನಿಂತಿತು. ಬಾಯಿಗೆ ಬಂದಂತೆ ಬೈದ ಪತ್ರಗಳು ಬಂದವು. ಎಲಿಯಟ್ ಎಲ್ಲಿಗೂ ಓಡಲಿಲ್ಲ. ಎಂಬತ್ತರ ದಶಕದವರೆಗೂ ಅಲ್ಲೇ ಪಾಠ ಹೇಳಿದರು. ಎಂಟು ವರ್ಷದ ಮಕ್ಕಳ ಮೇಲೆ, ತಂದೆತಾಯಿಗಳನ್ನು ಕೇಳದೆ, ಇಂಥ ಪ್ರಯೋಗ ಮಾಡಬಹುದೇ ಎಂಬ ಪ್ರಶ್ನೆಯನ್ನು ವಿದ್ವಾಂಸರೂ ಎತ್ತಿದ್ದಾರೆ. ಅದನ್ನು ತಳ್ಳಿಹಾಕಲಾಗದು. ನಾನೂ ಇಂದಿನ ಶಾಲೆಯಲ್ಲಿ ಅದನ್ನು ಒಪ್ಪಲಾರೆ. ಆದರೆ ಊರಿನವರ ಸಿಟ್ಟೆಲ್ಲ ಮಕ್ಕಳ ಮೇಲಿನ ಕಾಳಜಿಯಿಂದಲೇ ಹುಟ್ಟಿತು ಎಂದರೆ, ಎಲಿಯಟ್ ಅವರ ಮಕ್ಕಳನ್ನು ಹೊಡೆದದ್ದಕ್ಕೆ ಸಮಾಧಾನ ಸಿಗುವುದಿಲ್ಲ.

ಇದೇ ಕೌಂಟಿಯನ್ನು 2016ರ ಚುನಾವಣೆಯ ನಂತರ ಪತ್ರಕರ್ತರು ಹುಡುಕಿಕೊಂಡು ಬಂದರು. 2012ರಲ್ಲಿ ಒಬಾಮಾ ಅವರನ್ನು ಶೇಕಡ 20ಕ್ಕೂ ಹೆಚ್ಚಿನ ಅಂತರದಿಂದ, 2016ರಲ್ಲಿ ಟ್ರಂಪ್ ಅವರನ್ನು ಶೇಕಡ 20ಕ್ಕೂ ಹೆಚ್ಚಿನ ಅಂತರದಿಂದ ಗೆಲ್ಲಿಸಿದ ಕೌಂಟಿ ಇಡೀ ದೇಶದಲ್ಲಿ ಅದೊಂದೇ. ಬಂದವರು ಚಹಾ ಅಂಗಡಿಗಳಲ್ಲಿ ನಾಲ್ಕು ಮಾತು ಕೇಳಿ ಬರೆದು ಹೋದರು. ಒಂದು ಊರನ್ನು ಒಂದು ಅಂಕಿಯಿಂದ ಓದುವ ಆತುರ ಅದು; ಅಲ್ಲಿನ ಮತದಾರರನ್ನು ಅದರಿಂದ ಅಳೆಯುವ ಧೈರ್ಯ ನನಗಿಲ್ಲ.

ಮತ್ತೆ ಆ ತರಗತಿಗೆ ಬರೋಣ. ಎಬಿಸಿಯವರು ಚಿತ್ರೀಕರಿಸಿದ ರೈಸ್‌ವಿಲ್‌ನ ಆ ಮಕ್ಕಳು ದೊಡ್ಡವರಾದ ಮೇಲೆ, 1984ರಲ್ಲಿ, ಅವರಲ್ಲಿ ಹಲವರು ಗಂಡ, ಹೆಂಡತಿಯರನ್ನು ಕರೆದುಕೊಂಡು ಊರಿಗೆ ಬಂದು, ಹಳೆಯ ಮೇಡಂ ಜೊತೆ ಕೂತು, ತಮ್ಮ ಎಂಟನೇ ವಯಸ್ಸಿನ ಚಿತ್ರವನ್ನು ನೋಡಿದರು. ಅದು 1985ರಲ್ಲಿ ಸಾರ್ವಜನಿಕ ವಾಹಿನಿಯಲ್ಲಿ ಪ್ರಸಾರವಾಯಿತು. ಆ ಪಾಠ ತಮ್ಮನ್ನು ಬದಲಾಯಿಸಿತು, ತಮ್ಮ ಮಕ್ಕಳನ್ನು ಬೇರೆ ರೀತಿ ಬೆಳೆಸುತ್ತಿದ್ದೇವೆ ಎಂದು ಅವರು ಹೇಳಿದರು. ಹೊಲ ಮಾಡಿಕೊಂಡು, ನೌಕರಿ ಮಾಡಿಕೊಂಡು ಇದ್ದ ಸಾಧಾರಣ ಜನ ಅವರು. ಅವರ ಹೆಸರಿನ ವಿಮಾನ ನಿಲ್ದಾಣವಿಲ್ಲ, ಪ್ರತಿಮೆಯಿಲ್ಲ. ಹೋವರ್ಡ್ ಕೌಂಟಿಯ ಮುಂದಿನ ಚರಿತ್ರೆಯನ್ನು ಯಾರಾದರೂ ಬರೆಯಲು ಕೂತರೆ, ಗಣ್ಯರ ಅಧ್ಯಾಯದಲ್ಲಿ ಬೋರ್ಲಾಗ್ ಮತ್ತು ಚರ್ಚ್ ಜೊತೆಗೆ ಆ ಮೇಡಂ ಅವರನ್ನೂ, ಆ ಮೂರನೇ ತರಗತಿಯ ಹಾಜರಿ ಪುಸ್ತಕವನ್ನೂ ಸೇರಿಸಬೇಕೆಂದು ಕೇಳುತ್ತೇನೆ.